ಬಾಯಿಬಿಟ್ಟು ಕೇಳಿ
2024ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಮನಸ್ಸಿನಿಂದ ಹೋಗುತ್ತಲೇ ಇಲ್ಲ. ನಡೆದಿದ್ದು ನಮ್ಮ ಕರ್ನಾಟಕದಲ್ಲಿ ಮತ್ತು ಬಿಹಾರದಲ್ಲಿ. ಎರಡು ವರ್ಷದ ಮಗುವಿಗೆ ಭೇದಿ ಎಂದು ಹೇಳಿಕೊಂಡು, ತರಬೇತಿ ಪಡೆದವರು ಪೋಷಕರ ವೇಷದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಖಾಸಗಿ ವೈದ್ಯರ ಬಳಿಗೆ ಹೋದರು. ಕೆಲವರು ಸುಮ್ಮನೆ ಔಷಧಿ ಕೇಳಿದರು. ಕೆಲವರು ಮೊಬೈಲಿನಲ್ಲಿ, ನೀರಿಗೆ ಕದಡಿ ಕುಡಿಸುವ ಉಪ್ಪು-ಗ್ಲೂಕೋಸಿನ ಪುಡಿಯಾದ ಓಆರ್‌ಎಸ್ ಪ್ಯಾಕೆಟ್ಟಿನ ಚಿತ್ರ ತೋರಿಸಿ, ‘ಹಿಂದೆ ಇದನ್ನು ಕೊಟ್ಟಿದ್ದೆವು’ ಅಂದರು. ಅಷ್ಟು ಅಂದದ್ದಕ್ಕೇ ಓಆರ್‌ಎಸ್ ಬರೆದುಕೊಡುವ ಪ್ರಮಾಣ ಹೆಚ್ಚುಕಡಿಮೆ ಎರಡು ಪಟ್ಟಾಯಿತು!

ಅಂದರೆ ವೈದ್ಯರಿಗೆ ಗೊತ್ತಿಲ್ಲವೆಂದಲ್ಲ. ಆದರೂ ಅವರು ಅದನ್ನು ಬರೆಯದಿರುವುದಕ್ಕೆ ದಾಸ್ತಾನಿಲ್ಲದಿರುವುದು, ಲಾಭದಾಸೆ ಇವೆಲ್ಲ ಸಣ್ಣ ಕಾರಣಗಳು. ‘ಬಂದವರಿಗೆ ಇದು ಬೇಡ’ ಎಂಬ ಅವರ ಊಹೆಯೇ ದೊಡ್ಡ ತೊಡಕು.

ಈ ಮದ್ದಿನ ಶಕ್ತಿ ಹಿಂದೆಯೇ ಸಾಬೀತಾಗಿದೆ. 1971ರಲ್ಲಿ ಬಾಂಗ್ಲಾ ಗಡಿಯ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ಸಲೈನ್ ಬಾಟಲಿಗಳು ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಾಲನಬಿಸ್ ಡ್ರಮ್ಮುಗಳಲ್ಲಿ ಉಪ್ಪು, ಗ್ಲೂಕೋಸು, ಅಡುಗೆ ಸೋಡಾ ಕದಡಿಸಿದರು. ಕುಡಿಸಿದವರು ರೋಗಿಗಳ ಮನೆಯವರೇ. ಶೇ. 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇ. 4ಕ್ಕಿಂತ ಕೆಳಗಿಳಿಯಿತು. ಇಷ್ಟು ಅಗ್ಗದ, ಇಷ್ಟು ಗಟ್ಟಿಯಾದ ಮದ್ದು ನಮ್ಮ ಕೈಯಲ್ಲೇ ಇದ್ದೂ ಭೇದಿಯಿಂದ ಮಕ್ಕಳು ಸಾಯುವುದನ್ನು ನನಗೆ ಒಪ್ಪಿಕೊಳ್ಳಲಾಗುವುದಿಲ್ಲ.

ಮಗುವಿಗೆ ಭೇದಿಯಾದರೆ ಮನೆಯಲ್ಲೇ ಓಆರ್‌ಎಸ್ ಶುರುಮಾಡಿ. ವೈದ್ಯರ ಹತ್ತಿರ ಹೋದಾಗ, ‘ಡಾಕ್ಟ್ರೇ, ಓಆರ್‌ಎಸ್, ಜಿಂಕ್ ಮಾತ್ರೆ ಬರೆದುಕೊಡಿ’ ಅಂತ ಸಂಕೋಚವಿಲ್ಲದೆ ಕೇಳಿ.