ರೊಟ್ಟಿ ಕೇಂದ್ರದ ಅಂಕಿತ

ಧಾರವಾಡದ ಸಪ್ತಾಪುರಕ್ಕೆ ಓದಲು ಬರುವ ಹುಡುಗ ಹುಡುಗಿಯರ ಬಳಿ ಒಂದು ಬ್ಯಾಗು, ಒಂದು ಸುತ್ತಿದ ಹಾಸಿಗೆ, ಒಂದು ಫೋನು ಇರುತ್ತವೆ. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಎಂದು ಒಂದೊಂದು ಪರೀಕ್ಷೆಯ ಹೆಸರು ಹೇಳಿಕೊಂಡು ಉತ್ತರ ಕರ್ನಾಟಕದ ಎಲ್ಲ ಮೂಲೆಗಳಿಂದ ಬರುತ್ತಾರೆ. ಕೋಚಿಂಗ್ ಮುಗಿದರೆ ಹೋಗುತ್ತಾರೆ, ಅವರ ಖೋಲಿಗೆ ಇನ್ನೊಬ್ಬರು ಬರುತ್ತಾರೆ. ಹೀಗೆ ಈ ಬಡಾವಣೆಯ ಅರ್ಧ ಜನ ಯಾವಾಗಲೂ ಹೊಸಬರೇ. ಮೊದಲಾದರೆ ಚಹಾದಂಗಡಿಯವನನ್ನು ‘ಅಣ್ಣಾ, ಊಟ ಎಲ್ಲಿ ಚಲೋ ಸಿಗತೈತಿ’ ಎಂದು ಕೇಳುತ್ತಿದ್ದರು. ಈಗ ಚಹಾ ಕುಡಿಯುತ್ತಲೇ ಫೋನಿನಲ್ಲಿ ಹುಡುಕುತ್ತಾರೆ.

ನನ್ನ ಚಿಗವ್ವ ಇಂಥದೇ ಒಂದು ಓಣಿಯಲ್ಲಿ ಹದಿನಾಲ್ಕು ವರ್ಷಗಳಿಂದ ರೊಟ್ಟಿ ಬಡಿದು ಮಾರುತ್ತಾಳೆ. ಅವಳ ಜೊತೆ ಇನ್ನಿಬ್ಬರು ಹೆಣ್ಣುಮಕ್ಕಳಿದ್ದಾರೆ. ಬಿಸಿ ರೊಟ್ಟಿ, ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಹಬ್ಬ ಬಂದರೆ ಹೋಳಿಗೆ. ಬೋರ್ಡು ಇರಲಿಲ್ಲ. ಬೇಕೂ ಆಗಿರಲಿಲ್ಲ. ಓಣಿಯ ಹಳೆಯ ಮನೆಗಳೇ ಗಿರಾಕಿಗಳು, ಅವರ ಬೀಗರೇ ಮದುವೆ ಆರ್ಡರು ತರುವವರು. ಆದರೆ ಹಳೆಯ ಮನೆಗಳು ಒಂದೊಂದಾಗಿ ಪೇಯಿಂಗ್ ಗೆಸ್ಟ್ ಆದವು. ಮನೆಯವರು ಬೆಂಗಳೂರಿಗೋ ಪುಣೆಗೋ ಮಕ್ಕಳ ಹತ್ತಿರ ಹೋದರು. ಚಿಗವ್ವನನ್ನು ಬಲ್ಲವರು ಹೋಗಿ, ಅವಳ ಬಾಗಿಲ ಮುಂದೆಯೇ ನಡೆದಾಡುವ ನೂರಾರು ಜನ ಅವಳನ್ನು ಅರಿಯದವರಾದರು. ಹೋದ ವರ್ಷ ಮಳೆಗಾಲದಲ್ಲಿ, ಜೊತೆಯ ಇಬ್ಬರಲ್ಲಿ ಒಬ್ಬಳನ್ನು ಬಿಡಿಸಬೇಕಾಗಬಹುದು ಎಂದು ನನ್ನೆದುರು ಒಮ್ಮೆ ಅಂದಳು. ಆಮೇಲೆ ಆ ಮಾತೆತ್ತಲಿಲ್ಲ. ಹೆಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತ ಸುಮ್ಮನಾದಳು.

ಆ ದಿನಗಳಲ್ಲೇ ಅವಳಿಗೊಂದು ಫೋನು ಬಂತು. ಯಾವುದೋ ಏಜೆನ್ಸಿ. ತಿಂಗಳಿಗಿಷ್ಟು ಕೊಟ್ಟರೆ ಗೂಗಲ್‌ನ ಮೊದಲ ಪುಟದಲ್ಲಿ, ಅದೂ ಮೊದಲ ಸ್ಥಾನದಲ್ಲಿ ತೋರಿಸುತ್ತೇವೆ, ಗ್ಯಾರಂಟಿ ಎಂದರಂತೆ. ‘ಹುಡುಕಿದವರಿಗೆ ನೀವು ಸಿಗಬೇಕಲ್ಲ ಮೇಡಂ’ ಅಂದರಂತೆ. ಚಿಗವ್ವ ಅದನ್ನು ನನಗೆ ಹೇಳಿ, ‘ನಾ ಎಲ್ಲಿ ಕಳದೀನಿ ಅಂತ ಹುಡಕತಾರವ್ವಾ? ಇಲ್ಲೇ ಅದೀನಲ್ಲ’ ಎಂದು ನಕ್ಕಳು. ಆದರೂ ಅವರು ಹೇಳಿದ ಮೊತ್ತವನ್ನು ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಟ್ಟಿದ್ದಳು.

ಮೊದಲ ಸ್ಥಾನದ ಗ್ಯಾರಂಟಿಯನ್ನು ಯಾರೂ ಕೊಡಲಾರರು ಎಂದು ಗೂಗಲ್ ತಾನೇ ಬರೆದುಕೊಂಡಿದೆ. ನಕ್ಷೆಯಲ್ಲಿ ಅಂಗಡಿಯ ಹೆಸರು ಸೇರಿಸಲು ದುಡ್ಡಿಲ್ಲ. ಜಾಹೀರಾತು ಕೊಟ್ಟರೆ ‘ಪ್ರಾಯೋಜಿತ’ ಎಂಬ ಪಟ್ಟಿಯೊಂದಿಗೆ ಕಾಣಿಸಬಹುದು, ಅದರ ಲೆಕ್ಕ ಬೇರೆ. ಸಹಜ ಫಲಿತಾಂಶದಲ್ಲಿ ಮೇಲೆ ಬರಲು ಹಣ ಕಟ್ಟುವ ಕಿಟಕಿಯೇ ಇಲ್ಲ. ಹತ್ತಿರದ ಅಂಗಡಿಗಳನ್ನು ತೋರಿಸುವಾಗ ಅದು ಮೂರು ಸಂಗತಿ ನೋಡುತ್ತದಂತೆ: ಕೇಳಿದ್ದಕ್ಕೂ ಅಂಗಡಿಗೂ ಎಷ್ಟು ಸಂಬಂಧ, ಎಷ್ಟು ದೂರ, ಎಷ್ಟು ಹೆಸರುವಾಸಿ. ದೂರವನ್ನು ನಾವೇನೂ ಮಾಡುವಂತಿಲ್ಲ. ಉಳಿದ ಎರಡೂ ಮಾತಿಗೆ ಸಂಬಂಧಪಟ್ಟವು. ಮಾತೇ ನನ್ನ ಕಸುಬು. ನಾನು ಗ್ರಂಥಸಂಪಾದನೆಯ ವಿದ್ಯಾರ್ಥಿನಿ, ವಚನಗಳ ಅಂಕಿತ ಮತ್ತು ಪಾಠಾಂತರಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ನಾಲ್ಕು ವರ್ಷದಲ್ಲಿ ಮನೆಯವರಿಗೆ ಅದರಿಂದ ಮೂರು ಕಾಸಿನ ಉಪಯೋಗವಾಗಿರಲಿಲ್ಲ. ಏಜೆನ್ಸಿ ಬೇಡ, ನಾನೇ ಮಾಡುತ್ತೇನೆ ಎಂದೆ.

ಮೊದಲ ತೊಡಕು ಹೆಸರಿನದೇ. ಅಂಗಡಿಯ ಹೆಸರೇನು ಎಂದು ಆ ಅರ್ಜಿ ಕೇಳಿತು. ಓಣಿಯಲ್ಲಿ ಅದಕ್ಕೆ ‘ರೊಟ್ಟಿ ಅಕ್ಕನ ಮನಿ’ ಎನ್ನುತ್ತಿದ್ದರು. ಅದೇ ಇರಲಿ ಎಂದೆ. ಚಿಗವ್ವ ಒಪ್ಪಲಿಲ್ಲ. ಬೋರ್ಡಿನ ಮೇಲೆ ತಾನು ಅಕ್ಕ ಅಂತ ತಾನೇ ಬರಸ್ಕೊಂಡರ ಜನ ನಗತಾರ, ದೇವರ ಹೆಸರಿರಬೇಕು ಎಂದಳು. ಅವಳ ತವರು ಬಾದಾಮಿಯ ಕಡೆ. ಚೊಳಚಗುಡ್ಡದ ಬನಶಂಕರಿ ಅವಳಿಗೆ ಎಲ್ಲಕ್ಕೂ ಮೊದಲು. ‘ಶ್ರೀ ಬನಶಂಕರಿ ರೊಟ್ಟಿ ಕೇಂದ್ರ’ ಎಂಬುದು ಅವಳ ತೀರ್ಮಾನ.

ಆ ಹೆಸರನ್ನು ಹುಡುಕಿನೋಡಿದೆ. ಹುಬ್ಬಳ್ಳಿ, ಧಾರವಾಡ, ಗದಗ, ಬೆಂಗಳೂರು, ಎಲ್ಲಿ ನೋಡಿದರೂ ಬನಶಂಕರಿ. ಖಾನಾವಳಿ, ಟ್ರೇಡರ್ಸ್, ಟ್ರಾವೆಲ್ಸ್, ಕಿರಾಣಿ. ಬೆಂಗಳೂರಿನಲ್ಲಂತೂ ಒಂದಿಡೀ ಬಡಾವಣೆಯೇ ಬನಶಂಕರಿ. ಇಷ್ಟು ಬನಶಂಕರಿಯರ ನಡುವೆ ನೀನು ಸಿಗುವುದಿಲ್ಲ ಎಂದೆ. ‘ಎಲ್ಲಾರೂ ಬನಶಂಕರಿ ಅಂತ ಇಟ್ಕೊಂಡ್ರ ತಾಯಿ ಏನ್ ಕಡಿಮಿ ಆಕ್ಕಾಳೇನು?’ ಎಂದಳು. ಇದಕ್ಕೆ ಉತ್ತರವಿಲ್ಲ. ನಮ್ಮಲ್ಲಿ ಅಂಗಡಿಗೆ ಹೆಸರಿಡುವುದು ಕೃಪೆಗಾಗಿ. ಬಸವೇಶ್ವರ, ವೆಂಕಟೇಶ್ವರ, ಅನ್ನಪೂರ್ಣ, ಎಲ್ಲರೂ ಇಟ್ಟಿದ್ದಾರೆಂಬುದೇ ಆ ಹೆಸರಿನ ಭರವಸೆ. ಪಕ್ಕದವನಿಗಿಂತ ಬೇರೆಯಾಗಿ ಕಾಣಬೇಕೆಂಬ ಆಸೆ ಅದರಲ್ಲಿಲ್ಲ. ಯಂತ್ರಕ್ಕೆ ಬೇಕಾದದ್ದು ಮಾತ್ರ ಬೇರೆತನ.

ಆ ರಾತ್ರಿ ನನ್ನ ಟಿಪ್ಪಣಿಗಳ ಮುಂದೆ ಕೂತಾಗ ಹೊಳೆಯಿತು, ನಾಲ್ಕು ವರ್ಷದಿಂದ ನಾನು ನೋಡುತ್ತಿರುವುದೂ ಇದನ್ನೇ. ವಚನದ ಅಂಕಿತವೂ ದೇವರ ಹೆಸರೇ. ಶಿವನೊಬ್ಬನೇ. ಆದರೆ ಕೂಡಲಸಂಗಮದೇವ ಎಂದು ಬಂದರೆ ಬಸವಣ್ಣ, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕಮಹಾದೇವಿ, ಗುಹೇಶ್ವರ ಎಂದರೆ ಅಲ್ಲಮ. ವಚನಕಾರರು ತಮ್ಮ ಹೆಸರು ಹಾಕಿಕೊಳ್ಳದೆಯೂ ಗುರುತು ಸಿಗುವಂತೆ ಮಾಡಿದರು. ಎಷ್ಟೋ ವಚನಗಳನ್ನು ಯಾರದೆಂದು ವಿಂಗಡಿಸಲು ಸಂಪಾದಕರ ಕೈಯಲ್ಲಿರುವ ಮೊದಲ ಆಧಾರ ಅದೊಂದೇ. ಬಸವಣ್ಣನ ಅಂಕಿತದಲ್ಲಿರುವುದು ಊರು, ಕೃಷ್ಣೆ ಮಲಪ್ರಭೆ ಕೂಡುವ ಸಂಗಮ. ಎಲ್ಲರ ದೇವರಿಗೆ ಒಂದು ಜಾಗ ಸೇರಿತು, ಗುರುತಾಯಿತು.

ಬೆಳಿಗ್ಗೆ ಚಿಗವ್ವನಿಗೆ ಹೇಳಿದೆ: ಬನಶಂಕರಿ ಇರಲಿ, ಜೊತೆಗೆ ಚೊಳಚಗುಡ್ಡವೂ ಇರಲಿ. ‘ಚೊಳಚಗುಡ್ಡ ಬನಶಂಕರಿ ರೊಟ್ಟಿ ಕೇಂದ್ರ.’ ಅವಳ ಮುಖ ಅರಳಿತು. ಆ ಗುಡಿಯ ಮುಂದೆ ಬುಟ್ಟಿಯಿಟ್ಟುಕೊಂಡು, ಬಂದ ಭಕ್ತರನ್ನು ಕೂಗಿ ಕರೆದು, ರೊಟ್ಟಿ, ಪಲ್ಯ, ಮೊಸರು ಬಡಿಸುವ ಹೆಣ್ಣುಮಕ್ಕಳನ್ನು ನೀವು ನೋಡಿರಬಹುದು. ಅವಳ ಅವ್ವ, ಎಂದರೆ ನನ್ನ ಅಜ್ಜಿ, ಅವರಲ್ಲೊಬ್ಬಳು. ಒಂದು ಪ್ರಶ್ನೆ ಮಾತ್ರ ಉಳಿಯಿತು. ಅಂಗಡಿ ಹೊರಗೆ ಯಾವ ಹೆಸರಿನಿಂದ ನಡೆಯುತ್ತದೋ ಅದನ್ನೇ ನಮೂದಿಸಬೇಕು, ಹುಡುಕಾಟದ ಪದಗಳನ್ನು ಹೆಸರಿಗೆ ಅಂಟಿಸಬಾರದು ಎಂಬುದು ನಿಯಮ. ಹಾಗಾಗಿ ಮೊದಲು ಬೋರ್ಡು ಬರೆಸಿದೆವು. (ನಿಯಮವೇನೋ ಇದೆ. ಹೆಸರಿನ ಮುಂದೆಯೇ ‘ಬೆಸ್ಟ್’ ಸೇರಿಸಿಕೊಂಡವರು ನಕ್ಷೆಯಲ್ಲಿ ಆರಾಮಾಗಿದ್ದಾರೆ.)

ಆಮೇಲೆ ವಿವರಣೆ ಬರೆಯುವ ಕೆಲಸ. ನಾವು ‘ಜೋಳದ ರೊಟ್ಟಿ’ ಎನ್ನುತ್ತೇವೆ. ಹುಡುಕುವವರು ಏನೆನ್ನುತ್ತಾರೆ? ಹಲವರು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಾರೆ. ಅದರಲ್ಲಿ ‘ರೊಟ್ಟಿ’ಗೆ ಒಬ್ಬರು ಒಂದು ‘ಟಿ’, ಇನ್ನೊಬ್ಬರು ಎರಡು. ‘ಜೋಳದ’ ಎಂಬುದು ‘ಜೋಳದ್’ ಆಗುತ್ತದೆ. ಬೆಳಗಾವಿಯ ಅಂಚಿನಿಂದ ಬಂದವರಿಗೆ ಅದು ಭಾಕರಿ. ಬೆಂಗಳೂರಿಂದ ಬಂದವರಿಗೆ ಜೋವರ್ ರೋಟಿ. ಒಂದೇ ಪದಾರ್ಥಕ್ಕೆ ಇಷ್ಟು ಪಾಠಾಂತರ! ನನ್ನ ವಿದ್ಯೆಯಲ್ಲಿ ಹಲವು ಪಾಠ ಸಿಕ್ಕರೆ ಒಂದನ್ನು ಆರಿಸಿ ಮೇಲಿಡುತ್ತೇವೆ, ಉಳಿದವನ್ನು ಅಡಿಯಲ್ಲಿ ಸಣ್ಣಕ್ಷರದಲ್ಲಿ ಕೊಡುತ್ತೇವೆ. ಇಲ್ಲಿ ತಪ್ಪು ಪಾಠ ಎಂಬುದೇ ಇಲ್ಲ. ಹಸಿದವನು ಬರೆದದ್ದೆಲ್ಲ ಸರಿ. ವಿವರಣೆಯನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದೆ, ಭಾಕರಿಯನ್ನೂ ಸೇರಿಸಿದೆ. ಚಿಗವ್ವನ ಹಳೆಯ ದರಪಟ್ಟಿಯನ್ನು ಡಿಟಿಪಿ ಅಂಗಡಿಯವರು ನುಡಿ ಫಾಂಟಿನಲ್ಲಿ ಮಾಡಿಕೊಟ್ಟಿದ್ದರು. ಅದನ್ನು ನಕಲು ಮಾಡಿ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬಂತು. ಯೂನಿಕೋಡಿಗೆ ಬಾರದ ಕನ್ನಡ ಕಣ್ಣಿಗೆ ಕನ್ನಡ, ಹುಡುಕಾಟಕ್ಕೆ ಕಸ. ಹಳೆಯ ಫಾಂಟಿನಲ್ಲಿರುವ, ಇಲ್ಲವೇ ಚಿತ್ರವಾಗಿ ಸ್ಕ್ಯಾನ್ ಆಗಿರುವ ಕನ್ನಡ ಮಹಾಪ್ರಬಂಧಗಳನ್ನು ಹುಡುಕಿ ಸೋತ ಎಲ್ಲ ಸಂಶೋಧಕರಿಗೂ ಈ ಸಂಕಟ ಗೊತ್ತು.

ಇನ್ನು ಅಂಗಡಿ ನಿಜವೆಂದು ಸಾಬೀತು ಮಾಡಬೇಕು. ಮೊದಲೆಲ್ಲ ಸಂಕೇತ ಸಂಖ್ಯೆಯಿರುವ ಅಂಚೆ ಕಾರ್ಡು ಬರುತ್ತಿತ್ತು. ನಮಗೆ ವಿಡಿಯೋ ಕೇಳಿದರು. ಓಣಿ ತೋರಿಸಿ, ಬೋರ್ಡು ತೋರಿಸಿ, ಒಳಗೆ ಹೋಗಿ ಕೆಲಸದ ಸಾಮಾನು ತೋರಿಸಬೇಕು. ಚಿಗವ್ವ ಇಳಕಲ್ ಸೀರೆ ಉಟ್ಟು ಸಿದ್ಧಳಾಗಿದ್ದಳು. ಮುಖ ತೋರಿಸುವುದು ಬೇಕಿಲ್ಲ ಎಂದಾಗ ಸಪ್ಪಗಾದಳು. ಹೆಂಚು, ಹಿಟ್ಟಿನ ಡಬ್ಬಿ, ಬಳೆ ತೊಟ್ಟ ಕೈ, ಇಷ್ಟೇ ಹೋದದ್ದು.

ಉಳಿದದ್ದು ಹೆಸರುವಾಸಿ. ಅದರ ಮೂಲ ನನ್ನಂಥವರ ಮನೆಯಲ್ಲೇ ಇದೆ. ಸರ್ಗೇ ಬ್ರಿನ್, ಲ್ಯಾರಿ ಪೇಜ್ ಇಬ್ಬರೂ ಸ್ಟ್ಯಾನ್‌ಫರ್ಡಿನಲ್ಲಿ ಪಿಎಚ್‌ಡಿ ವಿದ್ಯಾರ್ಥಿಗಳಾಗಿದ್ದವರು. 1998ರಲ್ಲಿ ಅವರು ಪ್ರಕಟಿಸಿದ ಲೇಖನದ ಹಿಂದಿರುವುದು ಸಂಶೋಧಕರ ಉಲ್ಲೇಖದ ಪದ್ಧತಿ. ಒಂದು ಪ್ರಬಂಧವನ್ನು ಎಷ್ಟು ಜನ, ಎಂಥವರು ಉಲ್ಲೇಖಿಸಿದ್ದಾರೆ ಎಂಬುದರಿಂದ ಅದರ ತೂಕ ತಿಳಿಯುವಂತೆ, ಒಂದು ಪುಟಕ್ಕೆ ಎಷ್ಟು ಪುಟಗಳು, ಎಂಥ ಪುಟಗಳು ಕೊಂಡಿ ಕೊಟ್ಟಿವೆ ಎಂಬುದರಿಂದ ಅದರ ತೂಕ. ಯೂಜೀನ್ ಗಾರ್‌ಫೀಲ್ಡ್ 1964ರಲ್ಲೇ ವಿಜ್ಞಾನ ಲೇಖನಗಳಿಗೆ ಉಲ್ಲೇಖಸೂಚಿ ತಂದಿದ್ದರು. ಜಾಹೀರಾತಿನ ದುಡ್ಡಿನಿಂದ ನಡೆಯುವ ಹುಡುಕುಯಂತ್ರ ಜಾಹೀರಾತುದಾರರ ಕಡೆಗೇ ವಾಲುತ್ತದೆ ಎಂದು ಅದೇ 1998ರ ಲೇಖನದ ಅನುಬಂಧದಲ್ಲಿ ಇಬ್ಬರೂ ಎಚ್ಚರಿಸಿದ್ದಾರೆ. 2000ದಲ್ಲಿ ಅವರ ಕಂಪನಿಯೇ ಜಾಹೀರಾತು ಮಾರಲು ಶುರುಮಾಡಿತು. ಇಬ್ಬರೂ ಪಿಎಚ್‌ಡಿ ಮುಗಿಸಲಿಲ್ಲ ಎಂಬ ವಿಷಯವನ್ನು ನಮ್ಮ ಮನೆಯಲ್ಲಿ ನಾನು ಎತ್ತುವುದಿಲ್ಲ.

ಓಣಿಯ ಅಂಗಡಿಯ ಮಟ್ಟಿಗೆ ಮುಖ್ಯವಾದ ಉಲ್ಲೇಖವೆಂದರೆ ಗಿರಾಕಿಗಳು ಬರೆಯುವ ಅಭಿಪ್ರಾಯ. ಹದಿನಾಲ್ಕು ವರ್ಷ ಚಿಗವ್ವನ ರೊಟ್ಟಿ ತಿಂದವರು ಅವಳನ್ನು ಹೊಗಳಿದ್ದೆಲ್ಲ ಬಾಯಿಮಾತಿನಲ್ಲಿ. ಮದುವೆ ಮನೆಯ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ಗುಡಿಯಲ್ಲಿ. ಆ ಹೊಗಳಿಕೆಯ ಬಲದಿಂದಲೇ ಅವಳು ಮಗನನ್ನು ಡಿಪ್ಲೊಮಾ ಓದಿಸಿದಳು. ಅದರಲ್ಲಿ ಒಂದಕ್ಷರವೂ ಯಂತ್ರದ ಲೆಕ್ಕಕ್ಕೆ ಸಿಗದು. ಹಳೆಯ ಗಿರಾಕಿಯೊಬ್ಬರಿಗೆ, ನಿವೃತ್ತ ಶಿಕ್ಷಕಿಗೆ, ನಾಲ್ಕು ಸಾಲು ಬರೆಯಿರಿ ಎಂದು ಕೇಳಿದೆ. ‘ಅಕಿ ಬಗ್ಗೆ ನಾ ಏನ್ ಬರೀಲಿ, ಅಕಿ ನಮ್ಮಕಿ’ ಎಂದರು. ಮನೆಯವರೆನಿಸಿದವರಿಗೆ ಶಿಫಾರಸು ಬರೆಯುವುದು ಅವರಿಗೆ ಅವಮಾನದಂತೆ ತೋರಿತು. ಬರೆದವರಿಗೆ ಒಂದು ಚಟ್ನಿ ಪೊಟ್ಟಣ ಕೊಟ್ಟರಾಯಿತು ಎಂಬುದು ಚಿಗವ್ವನ ಸಲಹೆ. ಏನಾದರೂ ಕೊಟ್ಟು ಬರೆಸುವುದು ಅಲ್ಲಿ ನಿಷಿದ್ಧ ಎಂದು ತಡೆದೆ. ಅಂಥ ಕೊಟ್ಟು ಬರೆಸಿದ, ಸುಳ್ಳು ಅಭಿಪ್ರಾಯಗಳನ್ನು ತಡೆಯಲು ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಒಂದು ಮಾನದಂಡವನ್ನೇ ತಂದಿದೆ. ಬಲವಂತವಾಗಿ ಹೇರಿದ್ದಲ್ಲ, ಇಷ್ಟವಿದ್ದವರು ಪಾಲಿಸಬಹುದಾದದ್ದು.

ಕಡೆಗೆ ಬರೆದವರು ಹೊಸಬರು. ಮೊದಲ ಅಭಿಪ್ರಾಯಕ್ಕೆ ಒಂದೇ ನಕ್ಷತ್ರ. ರೊಟ್ಟಿ ಬಹಳ ಗಟ್ಟಿ, ಮುರಿದರೆ ಪುಡಿಯಾಗುತ್ತದೆ ಎಂದು. ಕೊಂಡದ್ದು ಖಡಕ್ ರೊಟ್ಟಿ! ಚಿಗವ್ವನಿಗೆ ಓದಿ ಹೇಳಿದೆ. ‘ಖಡಕ್ ರೊಟ್ಟಿ ಮೆತ್ತಗಿರತೈತೇನು? ಹಲ್ಲಿನ ದವಾಖಾನಿಗೆ ಹೋಗು ಅಂತ ಬರಿ’ ಎಂದಳು. ನಾನು ಬರೆದದ್ದು ಬೇರೆ: ಖಡಕ್ ರೊಟ್ಟಿಯನ್ನು ಒಣಗಿಸಿಯೇ ಮಾಡುವುದು, ಅನೇಕ ದಿನ ಕೆಡುವುದಿಲ್ಲ, ಬಿಸಿ ಸಾರಿನಲ್ಲಿ ಅದ್ದಿ ತಿನ್ನಿ, ಮೆತ್ತಗಿನದು ಬೇಕಾದರೆ ಮಧ್ಯಾಹ್ನ ಹನ್ನೆರಡಕ್ಕೆ ಬನ್ನಿ. ಆ ಹುಡುಗ ಬಂದ. ನಕ್ಷತ್ರ ಬದಲಿಸಲಿಲ್ಲ. ಆದರೆ ಅವನ ರೂಮಿನ ಮೂವರು ಈಗ ದಿನಾ ಊಟಕ್ಕೆ ಒಯ್ಯುತ್ತಾರೆ.

ಗಿರಾಕಿಗಳು ಹೆಚ್ಚಿದ್ದಾರೆ. ಜೊತೆಯ ಇಬ್ಬರೂ ಉಳಿದಿದ್ದಾರೆ. ಆದರೆ ಕಾಣಿಸಿಕೊಂಡಷ್ಟೂ ಒಳ್ಳೆಯದೆಂಬ ಮಾತನ್ನು ನಾನು ಪೂರ್ತಿ ನಂಬಲಾರೆ. ಒಂದು ಕೈ ದಿನಕ್ಕೆ ಬಡಿಯಬಲ್ಲ ರೊಟ್ಟಿಗೆ ಮಿತಿಯಿದೆ, ಹುಡುಕಾಟಕ್ಕೆ ಆ ಮಿತಿ ಗೊತ್ತಿಲ್ಲ. ಒಮ್ಮೆ ಹುಬ್ಬಳ್ಳಿಯ ಯಾರೋ ಎರಡು ದಿನದಲ್ಲಿ ಎರಡು ಸಾವಿರ ರೊಟ್ಟಿ ಕೇಳಿದರು. ಚಿಗವ್ವ ಒಲ್ಲೆನೆಂದಳು. ಮಧ್ಯಾಹ್ನ ಎರಡರಿಂದ ನಾಲ್ಕು ‘ಮುಚ್ಚಿದೆ’ ಎಂದು ಹಾಕಿಸಿದಳು. ಮಲಗುವ ಹೊತ್ತು. ಮೊದಲೂ ಮಲಗುತ್ತಿದ್ದಳು, ಓಣಿಗೆ ಅದು ಗೊತ್ತಿತ್ತು, ಹೇಳುವ ಅಗತ್ಯವಿರಲಿಲ್ಲ.

ಜನ ಯಾವ ಪದ ಬರೆದು ನಮ್ಮಲ್ಲಿಗೆ ತಲುಪಿದರು ಎಂಬ ಪಟ್ಟಿಯನ್ನು ಗೂಗಲ್ ತಿಂಗಳಿಗೊಮ್ಮೆ ತೋರಿಸುತ್ತದೆ. ಕಡಿಮೆ ಸಲ ಬಂದ ಪದದ ಮುಂದೆ ಎಣಿಕೆ ಇರುವುದಿಲ್ಲ, ‘15ಕ್ಕಿಂತ ಕಡಿಮೆ’ ಎಂದಷ್ಟೇ ಇರುತ್ತದೆ. ನಮ್ಮ ಪಟ್ಟಿ ಬಹುಪಾಲು ಅಂಥದೇ. ಹೋದ ತಿಂಗಳು ಅದನ್ನು ನೋಡುತ್ತಿದ್ದೆ. ಜೋವರ್ ರೋಟಿ, ಭಾಕರಿ, ಮೆಸ್, ಹತ್ತಿರದ ಊಟ. ಅವುಗಳ ಕೆಳಗೆ, ನಾವು ಎಲ್ಲಿಯೂ ನಮೂದಿಸದ, ಬೋರ್ಡಿನ ಮೇಲೂ ಇಲ್ಲದ ಒಂದು ಸಾಲು ಕನ್ನಡ ಅಕ್ಷರದಲ್ಲೇ ಇತ್ತು: ‘ರೊಟ್ಟಿ ಅಕ್ಕ ಸಪ್ತಾಪುರ’. 15ಕ್ಕಿಂತ ಕಡಿಮೆ. ಚಿಗವ್ವನಿಗೆ ತೋರಿಸಿದೆ. ಯಾರಿರಬಹುದು ಎಂದು ಹಳೆಯ ಮನೆಗಳ ಹೆಸರು ಒಂದೊಂದಾಗಿ ಹೇಳುತ್ತ, ಪುಣೆಗೆ ಹೋದವರಿಂದ ಶುರುಮಾಡಿದಳು.