ಹುಂಡಿಯೊಳಗಿನ ಹಾಡು

ಗ್ರಾಮಫೋನ್ ತಟ್ಟೆಯ ಹೊದಿಕೆ ಚೌಕಾಕಾರವಾಗಿರಬೇಕೆಂಬುದು ಲೋಕರೂಢಿ. 1972ರಲ್ಲಿ ಇಟಲಿಯಲ್ಲಿ ಹೊರಬಂದ ಒಂದು ತಟ್ಟೆ ಈ ರೂಢಿಯನ್ನು ಬದಿಗೊತ್ತಿ ಮಣ್ಣಿನ ಹುಂಡಿಯ ಆಕಾರವನ್ನು ತಾಳಿತು. ಮಕ್ಕಳು ಕಾಸು ಕೂಡಿಡುತ್ತಾರಲ್ಲ, ಅಂಥ ಹೊಟ್ಟೆಯುಬ್ಬಿದ ಹುಂಡಿ. ಹೊದಿಕೆಯ ರಟ್ಟನ್ನೇ ಹಾಗೆ ಕತ್ತರಿಸಿದ್ದರು. ಕಾಸು ಹಾಕುವ ಸೀಳಿನಿಂದ ಒಂದು ಪಟ್ಟಿಯನ್ನು ಎಳೆದರೆ ವಾದ್ಯಗಾರರ ಭಾವಚಿತ್ರಗಳು ಹೊರಬರುತ್ತಿದ್ದವು. ಅಂಗಡಿಯವರು ಅದನ್ನು ಉಳಿದ ತಟ್ಟೆಗಳ ಸಾಲಿನಲ್ಲಿ ನಿಲ್ಲಿಸಲು ಎಷ್ಟು ಹೆಣಗಿದರೋ!

ಆ ತರುಣರ ಮೇಳದ ಹೆಸರು ಬಾಂಕೊ ದೆಲ್ ಮುತುವೊ ಸೊಕ್ಕೊರ್ಸೊ, ಎಂದರೆ ಪರಸ್ಪರ ಸಹಾಯದ ಬ್ಯಾಂಕು. ಹಾಡುಗಾರರಿಗಿಂತ ಲೆಕ್ಕಪತ್ರದ ಗುಮಾಸ್ತರಿಗೆ ಹೆಚ್ಚು ಒಪ್ಪುವ ಹೆಸರು. ಮೇಳದ ಮೂಲಪುರುಷ ವಿತ್ತೋರಿಯೊ ನೊಚೆಂಜಿ. ಆತ ಆರ್ಗನ್ ನುಡಿಸಿದರೆ ತಮ್ಮ ಜಾನ್ನಿ ಪಿಯಾನೋ ನುಡಿಸುತ್ತಿದ್ದ. ರಾಕ್ ಮೇಳವೆಂದರೆ ಗಿಟಾರಿನದೇ ದರಬಾರು ಎಂದು ತಿಳಿದವರಿಗೆ ಇಲ್ಲಿ ಅಚ್ಚರಿ ಕಾದಿರುತ್ತದೆ. ಗಿಟಾರು ಇದೆ, ಆದರೆ ಸಂಭಾಷಣೆಯೆಲ್ಲ ಈ ಅಣ್ಣತಮ್ಮಂದಿರದು. ಒಬ್ಬನು ಗುಡುಗಿದರೆ ಮತ್ತೊಬ್ಬನು ಹನಿಯುತ್ತಾನೆ.

ಅವರ ಸಾಹಸವನ್ನು ತಿಳಿಯಬೇಕಾದರೆ ಅಂದಿನ ಇಟಲಿಯ ಸ್ಥಿತಿಯನ್ನು ನೆನೆಯಬೇಕು. 1960ರ ದಶಕದಲ್ಲಿ ಅಲ್ಲಿಯ ಎಷ್ಟೋ ಮೇಳಗಳು ಇಂಗ್ಲಿಷ್ ಜನಪ್ರಿಯ ಗೀತೆಗಳಿಗೆ ಇಟಾಲಿಯನ್ ಮಾತು ಹೊಂದಿಸಿ ಹಾಡಿ ಜೀವಿಸುತ್ತಿದ್ದವು. ಮುಂದೆ ಇಂಗ್ಲೆಂಡಿನಲ್ಲಿ ಪ್ರೊಗ್ರೆಸಿವ್ ರಾಕ್ ಎಂಬ ಹೊಸ ಪಂಥ ಹುಟ್ಟಿತು. ಮೂರು ನಿಮಿಷದ ಪ್ರೇಮಗೀತೆಯನ್ನು ತೊರೆದು ಶಾಸ್ತ್ರೀಯ ಸಂಗೀತದಂತೆ ವಿಸ್ತಾರವಾಗಿ ಬೆಳೆಯುವ ಕೃತಿಗಳನ್ನು ಅದು ರಚಿಸಿತು. ಈ ಕಲೆಯನ್ನು ಇಟಲಿಯ ಯುವಕರು ಕೈ ಚಾಚಿ ಸ್ವಾಗತಿಸಿದರು. ಆದರೆ ಆಪೆರಾದ ತವರಿನಲ್ಲಿ ಹುಟ್ಟಿದವರು ಎಷ್ಟು ದಿನ ಎರವಲು ದನಿಯಲ್ಲಿ ಹಾಡಿಯಾರು?

ಬಾಂಕೊಗೆ ಸ್ವಂತ ದನಿ ಫ್ರಾನ್ಚೆಸ್ಕೊ ದಿ ಜಾಕೊಮೊ ಎಂಬಾತನಿಂದ ದೊರೆಯಿತು. 1947ರಲ್ಲಿ ಸಾರ್ಡೀನಿಯಾ ದ್ವೀಪದಲ್ಲಿ ಹುಟ್ಟಿದವನು. ದಢೂತಿ ಮೈ, ದಟ್ಟ ಗಡ್ಡ. ಚಲನಚಿತ್ರ ನಿರ್ದೇಶಕ ಫೆಲ್ಲಿನಿ ತನ್ನ ಕೆಲವು ಚಿತ್ರಗಳ ಸಣ್ಣ ಪಾತ್ರಗಳಿಗೆ ಆತನನ್ನು ಆರಿಸಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಆ ದೇಹದಿಂದ ಹೊರಡುತ್ತಿದ್ದ ಕಂಠ ನಿರ್ಮಲವಾದದ್ದು, ತಾರಸ್ಥಾಯಿಯಲ್ಲಿಯೂ ನಡುಗದೆ ನಿಲ್ಲುವಂಥದು. ಮೊದಲ ತಟ್ಟೆಯ 'ಆರ್. ಐ. ಪಿ.' ಎಂಬ ಹಾಡಿನಲ್ಲಿ ಅದನ್ನು ಕೇಳಬೇಕು. ವಿಷಯ ಯುದ್ಧಭೂಮಿ. ಆರಂಭದಲ್ಲಿ ವಾದ್ಯಗಳೆಲ್ಲ ಕುದುರೆಗಳಂತೆ ನುಗ್ಗುತ್ತವೆ. ಬಳಿಕ ಗದ್ದಲ ಅಡಗಿ, ಪಿಯಾನೋ ಮೆಲ್ಲನೆ ಮುಂದೆ ಬರುತ್ತದೆ. ಸತ್ತವರ ನಡುವೆ ಒಬ್ಬನೇ ನಿಂತವನಂತೆ ದಿ ಜಾಕೊಮೊ ಹಾಡುತ್ತಾನೆ. ಭಾಷೆ ತಿಳಿಯದವರಿಗೂ ಅಲ್ಲಿಯ ದುಃಖ ತಿಳಿಯುತ್ತದೆ.

ಉಳಿದ ರಚನೆಗಳಲ್ಲಿ 'ಮೆತಮೊರ್ಫೋಸಿ' ಸುಮಾರು 11 ನಿಮಿಷ, 'ಇಲ್ ಜಾರ್ದೀನೊ ದೆಲ್ ಮಾಗೊ', ಅಂದರೆ ಮಾಂತ್ರಿಕನ ಉದ್ಯಾನ, 18 ನಿಮಿಷಕ್ಕೂ ಮಿಕ್ಕಿ ಹಬ್ಬಿದೆ. ಕೊನೆಯದು ಒಂದೊಂದು ಕಡೆ ಉದ್ಯಾನದಲ್ಲಿ ದಾರಿ ತಪ್ಪಿಸಿಕೊಳ್ಳುತ್ತದೆ ಎಂದರೆ ಅಭಿಮಾನಿಗಳು ಮುನಿಯಬಾರದು. ತಟ್ಟೆಯ ಆರಂಭದ 'ಇನ್ ವೋಲೊ' ತೀರ ಚಿಕ್ಕದು. 16ನೆಯ ಶತಮಾನದ ಕವಿ ಅರಿಯೋಸ್ತೊ ಬರೆದ 'ಒರ್ಲಾಂದೊ ಫುರಿಯೋಸೊ' ಮಹಾಕಾವ್ಯದಲ್ಲಿ ಅಸ್ತೋಲ್ಫೊ ಎಂಬ ವೀರ ರೆಕ್ಕೆಯುಳ್ಳ ಅದ್ಭುತಾಶ್ವವನ್ನೇರಿ ಹಾರುತ್ತಾನೆ. ಆ ಪ್ರಸಂಗವನ್ನೇ ಈ ತರುಣರು ಮಾತಿನ ರೂಪದಲ್ಲಿ ತಮ್ಮ ಹೊಸ ಸಂಗೀತಕ್ಕೆ ನಾಂದಿಯಾಗಿಸಿದರು. ಇಂಗ್ಲಿಷ್ ಅನುಕರಣೆಯ ಆರೋಪಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಿರಲಿಲ್ಲ.

ಅದೇ ವರ್ಷ ಎರಡನೆಯ ತಟ್ಟೆ 'ಡಾರ್ವಿನ್!' ಹೊರಟಿತು. 1975ರಲ್ಲಿ ಒಂದು ಇಂಗ್ಲಿಷ್ ಮೇಳದವರು ಸ್ಥಾಪಿಸಿದ್ದ ಮ್ಯಾಂಟಿಕೋರ್ ಸಂಸ್ಥೆ ಇವರ ಹಾಡುಗಳನ್ನು ಹೊರದೇಶಗಳಿಗೆ ಒಯ್ಯಿತು. ಅದಕ್ಕಾಗಿ ದಿ ಜಾಕೊಮೊ ಇಂಗ್ಲಿಷಿನಲ್ಲಿ ಹಾಡಬೇಕಾಯಿತು. 'ಆರ್. ಐ. ಪಿ.' ಅಲ್ಲಿ 'ಔಟ್‌ಸೈಡ್' ಆಯಿತು. ಸ್ವರ ಅದೇ, ಕಂಠ ಅದೇ. ಆದರೂ ಮಾತು ನಾಲಗೆಗೆ ಅಂಟಿದಂತಿಲ್ಲ. ಸಾಲ ತಂದ ಅಂಗಿಯನ್ನು ತೊಟ್ಟು ಮದುವೆಮನೆಗೆ ಹೋದವನ ಸಂಕೋಚ ಅದರಲ್ಲಿದೆ. 1991ರಲ್ಲಿ ಮೇಳ ತನ್ನ ಮೊದಲಿನೆರಡು ತಟ್ಟೆಗಳನ್ನು ಮತ್ತೊಮ್ಮೆ ಮುದ್ರಿಸಿತು, ಇಟಾಲಿಯನ್ನಿನಲ್ಲಿಯೇ. ಕೈಚಳಕ ಹೆಚ್ಚಿತ್ತು, ಇಪ್ಪತ್ತು ವರ್ಷದ ಹಿಂದಿನ ಎದೆಬಡಿತವನ್ನು ಮಾತ್ರ ಯಾವ ಯಂತ್ರವೂ ಮರಳಿ ಹಿಡಿಯಲಿಲ್ಲ.

2014ರ ಫೆಬ್ರವರಿ 21ರಂದು ರೋಮ್ ನಗರದ ಸಮೀಪದ ಜಾಗರೋಲೊದಲ್ಲಿ ನಡೆದ ಮೋಟಾರು ಅಪಘಾತ ದಿ ಜಾಕೊಮೊನನ್ನು ಒಯ್ದಿತು. ಮರುವರ್ಷ, ಬಹುಕಾಲದ ಗಿಟಾರ್ ವಾದಕ ರೊದೋಲ್ಫೊ ಮಾಲ್ತೇಸೆಯೂ ತೀರಿಕೊಂಡ. ತಮ್ಮ ಜಾನ್ನಿ 1980ರ ದಶಕದಲ್ಲಿಯೇ ಮೇಳವನ್ನು ಬಿಟ್ಟಿದ್ದ. ಬ್ಯಾಂಕಿನ ಬಾಗಿಲು ಮುಚ್ಚಿತೆಂದೇ ಹಲವರು ಭಾವಿಸಿದ್ದರೆ ಅದು ಸಹಜ. ವಿತ್ತೋರಿಯೊ ಮುಚ್ಚಲಿಲ್ಲ. ಟೋನಿ ದಾಲೆಸ್ಸಿಯೊ ಎಂಬ ಹೊಸ ಗಾಯಕನನ್ನು ಕರೆತಂದ; ತನ್ನ ಮಗ ಮಿಕೆಲಾಂಜೆಲೊನನ್ನು ಜೊತೆಗಿರಿಸಿಕೊಂಡು ಸ್ವರ ಕಟ್ಟತೊಡಗಿದ. 2022ರಲ್ಲಿ, ಹುಂಡಿಯ ತಟ್ಟೆ ಹೊರಬಂದು 50 ವರ್ಷಗಳಾದಾಗ, ಮೇಳದ ಹೊಸ ಕೃತಿ ಕೇಳುಗರ ಕೈಸೇರಿತು. ಅದರ ಹೆಸರು 'ಒರ್ಲಾಂದೊ'. ಈ ಬಾರಿ ಅರಿಯೋಸ್ತೊನ ಕಾವ್ಯಕ್ಕೆ ನಾಂದಿಯಷ್ಟೇ ಅಲ್ಲ, ಇಡೀ ತಟ್ಟೆಯನ್ನೇ ಬಿಟ್ಟುಕೊಟ್ಟಿದ್ದರು.