ಸೈಟಿಗೊಂದು ಲ್ಯಾಪ್‌ಟಾಪು

ಹಿಂದೆ ಎತ್ತು ಕೊಳ್ಳಲು ಯಾರೂ ಒಬ್ಬರೇ ಜಾತ್ರೆಗೆ ಹೋಗುತ್ತಿರಲಿಲ್ಲ. ಹಲ್ಲು ಎಣಿಸಲು ಒಬ್ಬ, ಸುಳಿ ನೋಡಲು ಒಬ್ಬ, ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸಲು ಇನ್ನೊಬ್ಬ, ಹೀಗೆ ಸಣ್ಣದೊಂದು ದಿಬ್ಬಣವೇ ಹೊರಡುತ್ತಿತ್ತು. ಇವರ ಜೊತೆಗೆ, ಎತ್ತಿನ ವಿಷಯ ಏನೂ ತಿಳಿಯದ, ಆದರೆ ನಾಲ್ಕಕ್ಷರ ಕಲಿತ ನೆಂಟನೊಬ್ಬನೂ ಇರುತ್ತಿದ್ದ. ಗಂಭೀರವಾಗಿ ತಲೆಯಾಡಿಸುವುದು ಅವನ ಕೆಲಸ. ಜಾತ್ರೆಗಳು ಕಡಿಮೆಯಾದರೂ ಈ ತಲೆಯಾಡಿಸುವ ನೆಂಟನ ಹುದ್ದೆ ಮಾತ್ರ ರದ್ದಾಗಿಲ್ಲ. ಈಚೆಗೆ ಅದು ನನ್ನ ಪಾಲಿಗೆ ಬಂದಿತು.

ನನ್ನ ಅಕ್ಕನ ಮಗ ಎಲೆಕ್ಟ್ರಿಕಲ್ ಡಿಪ್ಲೊಮಾ ಓದಿದವನು. ಆರು ವರ್ಷ ಒಬ್ಬ ಕಂಟ್ರಾಕ್ಟರ ಕೈಕೆಳಗೆ ದುಡಿದು ಈಗ ಸ್ವಂತವಾಗಿ ಕೆಲಸ ಹಿಡಿದಿದ್ದಾನೆ. “ಸೈಟ್ ಕೆಲಸಕ್ಕೆ ಒಂದು ಲ್ಯಾಪ್‌ಟಾಪ್ ತೊಗೋಬೇಕು ಮಾವ, ನೀವೂ ಬನ್ನಿ” ಎಂದ. ಈ ಮಾತನ್ನು ನಾನು ಕಾಲೇಜಿನಲ್ಲಿ ಹೇಳಿದಾಗ ಸಹೋದ್ಯೋಗಿಯೊಬ್ಬರು ಕಿವಿ ನಿಮಿರಿಸಿ, “ಸೈಟೇ? ಯಾವ ಬಡಾವಣೆ? ಮೂವತ್ತು ನಲವತ್ತೋ? ಖಾತೆ ಆಗಿದೆಯೇನ್ರಿ?” ಎಂದರು. ಬೆಂಗಳೂರಿನ ನಮ್ಮಂಥವರಿಗೆ ಸೈಟೆಂದರೆ ಜೀವಮಾನದ ಕನಸು. ನನ್ನ ಸೋದರಳಿಯನಿಗೆ ಸೈಟೆಂದರೆ ಸಿಮೆಂಟಿನ ದೂಳು, ಸುರುಳಿ ಬಿದ್ದ ಕೇಬಲ್ಲು, ಇನ್ನೂ ಬಾಗಿಲಿಡದ ಪ್ಯಾನೆಲ್ ಕೋಣೆ.

ಕರೆಂಟಿನ ಕೆಲಸದವನಿಗೆ ಟೆಸ್ಟರು, ಇಕ್ಕಳ ಸಾಲದೆ ಲ್ಯಾಪ್‌ಟಾಪೇಕೆ ಎಂದು ಓದುಗರು ಕೇಳಬಹುದು. ನಾನೂ ಕೇಳಿದೆ. ಈಗ ದೊಡ್ಡ ಮೋಟಾರು ಎಷ್ಟು ವೇಗದಲ್ಲಿ ತಿರುಗಬೇಕು, ಯಾವ ಪಂಪಿನ ನಂತರ ಯಾವುದು ನಡೆಯಬೇಕು, ಎಷ್ಟು ಹೊರೆ ಬಿದ್ದರೆ ಸ್ವಿಚ್ಚು ತಾನಾಗಿ ಬಿಡಬೇಕು, ಇವೆಲ್ಲ ಡ್ರೈವು, ಪಿಎಲ್‌ಸಿ, ರಿಲೇ ಎಂಬ ಪೆಟ್ಟಿಗೆಗಳೊಳಗೆ ಬರಹವಾಗಿ ಕುಳಿತಿವೆಯಂತೆ. ಆ ಬರಹವನ್ನು ಓದಲು, ತಿದ್ದಲು ಲ್ಯಾಪ್‌ಟಾಪು ಬೇಕು. ತಿದ್ದುವ ಕೆಲಸವೆಂದ ಮೇಲೆ ನನಗೆ ಅವನ ಮೇಲೆ ಒಂದಿಷ್ಟು ಸಹಾನುಭೂತಿ ಹುಟ್ಟಿತು.

ವ್ಯವಹಾರ ಮಾತ್ರ ಹುಡುಗಾಟದ್ದಾಗಿರಲಿಲ್ಲ. ಪೀಣ್ಯದ ಒಂದು ಕಾರ್ಖಾನೆಯ ಹಳೆಯ ಪ್ಯಾನೆಲೊಂದರ ಕೆಲಸವನ್ನು ಅವನು ಒಪ್ಪಿಕೊಂಡಿದ್ದ. ಕಾರ್ಖಾನೆಯವರು ಕೊಟ್ಟದ್ದು ಒಂದು ಭಾನುವಾರ, ಆರು ಗಂಟೆಗಳ ಶಟ್‌ಡೌನ್. ಸೋಮವಾರದ ಪಾಳಿಗೆ ಯಂತ್ರ ತಿರುಗದಿದ್ದರೆ ಹಣವೂ ಇಲ್ಲ, ಮುಂದಿನ ಕೆಲಸವೂ ಇಲ್ಲ. ಲ್ಯಾಪ್‌ಟಾಪಿಗೆಂದು ಕೈಯಲ್ಲಿದ್ದದ್ದು ಅರುವತ್ತು ಸಾವಿರ ರೂಪಾಯಿ. ಅದು ಅಕ್ಕ ಚೀಟಿ ಕೂಗಿ ಎತ್ತಿದ ಹಣ. ಯಂತ್ರ ಕೆಲಸ ಮಾಡಲಿ ಬಿಡಲಿ, ಇನ್ನು ಹದಿನಾಲ್ಕು ತಿಂಗಳು ಅವಳು ಕಂತು ಕಟ್ಟಲೇಬೇಕು.

ಎಸ್.ಪಿ. ರಸ್ತೆಗೆ ಹೋದೆವು. ಮೊದಲ ಅಂಗಡಿಯಾತ ಬಹಳ ಸೌಜನ್ಯದಿಂದ ತೆಳ್ಳನೆಯ ಯಂತ್ರವೊಂದನ್ನು ತೆಗೆದು ಹಪ್ಪಳ ಹಿಡಿದಂತೆ ಎರಡು ಬೆರಳಿನಲ್ಲಿ ಹಿಡಿದ. ಅದರ ತೂಕ, ಬಣ್ಣ, ಸಿನಿಮಾ ನೋಡಿದರೆ ಆಗುವ ಆನಂದ ಎಲ್ಲವನ್ನೂ ಬಣ್ಣಿಸಿದ. ನಾನು ನನ್ನ ಹುದ್ದೆಗೆ ತಕ್ಕಂತೆ ತಲೆಯಾಡಿಸಿದೆ. ಅಳಿಯ ಮಾತ್ರ, “ಇದನ್ನ ಸ್ವಲ್ಪ ಬಿಸಿಲಿಗೆ ತರ್ತೀರಾ?” ಎಂದ. ಅಂಗಡಿಯ ಹುಡುಗ ಮದುವಣಗಿತ್ತಿಯನ್ನು ಕಳಿಸುವವನಂತೆ ಸಂಕಟಪಡುತ್ತ ಹಿಂದೆಯೇ ಬಂದ. ನಡುಹಗಲಿನ ಬಿಸಿಲಿನಲ್ಲಿ ಆ ಚೆಲುವಾದ ಪರದೆ ಕನ್ನಡಿಯಾಯಿತು. ಅದರಲ್ಲಿ ಕಂಡದ್ದು ನಮ್ಮಿಬ್ಬರ ಮುಖ.

ಪರದೆಯ ಬೆಳಕನ್ನು ನಿಟ್ಸ್ ಎಂಬ ಮಾನದಿಂದ ಅಳೆಯುತ್ತಾರೆ. ಸಾಮಾನ್ಯ ಯಂತ್ರಗಳಲ್ಲಿ ಅದು 250, 300. ಬಯಲು ಬಿಸಿಲಿನಲ್ಲಿ ಸಲೀಸಾಗಿ ಓದಬೇಕಾದರೆ ಸಾವಿರದ ಆಸುಪಾಸು ಬೇಕು. ಅಳಿಯ ಇದನ್ನು ಕಲಿತದ್ದು ಪಾವಗಡದಲ್ಲಿ. ಅಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕು ಇದೆಯಲ್ಲ, ಅಲ್ಲಿ ಕಂಟ್ರಾಕ್ಟರ ಪರವಾಗಿ ಒಂದು ತಿಂಗಳು ಇದ್ದ. ಬಿಸಿಲಿಗಾಗಿಯೇ ಆರಿಸಿದ ಊರಿನಲ್ಲಿ ಪರದೆ ಕಾಣುವುದೆಲ್ಲಿ? ಹಳೆಯ ಕಾಲದ ಫೋಟೋಗ್ರಾಫರು ಕರಿಯ ಬಟ್ಟೆಯೊಳಗೆ ತಲೆ ತೂರಿಸುತ್ತಿದ್ದಂತೆ ಇವರೂ ಕಂಬಳಿ ಹೊದ್ದು ಕೆಲಸ ಮಾಡಿದರಂತೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದವರಿಗೆ ಈ ಕಷ್ಟವಿರಲಿಲ್ಲ. ಅವರ ಕಾಲದ ನಕ್ಷೆ ಕಾಗದದ್ದು. ಬಿಸಿಲು ಹೆಚ್ಚಿದಷ್ಟೂ ಕಾಗದ ಬೆಳಗುತ್ತದೆ, ಪರದೆ ಮಂಕಾಗುತ್ತದೆ.

ಎರಡನೆಯ ಪ್ರಶ್ನೆ ನನ್ನ ವೃತ್ತಿಗೆ ಹತ್ತಿರದ್ದು. ಕಾರ್ಖಾನೆಯ ಹಳೆಯ ಯಂತ್ರಗಳು ಮಾತನಾಡುವುದು ಆರ್‌ಎಸ್-232 ಎಂಬ ಪದ್ಧತಿಯಲ್ಲಿ. ಅದು ಬಳಕೆಗೆ ಬಂದದ್ದು 1960ರಲ್ಲಿ, ನಾನು ಹುಟ್ಟುವ ಎಷ್ಟೋ ಮೊದಲು. ಅದಕ್ಕೆ ಬೇಕಾದ ಒಂಬತ್ತು ಸೂಜಿಗಳ ಕಿಂಡಿ ಈಗಿನ ಸಾಮಾನ್ಯ ಲ್ಯಾಪ್‌ಟಾಪುಗಳಲ್ಲಿ ಇಲ್ಲ. ತೆಳ್ಳಗಾಗುವ ಹಟದಲ್ಲಿ ಎಷ್ಟೋ ಯಂತ್ರಗಳು ನೆಟ್‌ವರ್ಕ್ ತಂತಿಯ ಕಿಂಡಿಯನ್ನೂ ಕಳಚಿಕೊಂಡಿವೆ. “ಅಂದರೆ ಯಂತ್ರ ಹಳಗನ್ನಡ ಮಾತಾಡುತ್ತೆ, ಲ್ಯಾಪ್‌ಟಾಪಿಗೆ ಹೊಸಗನ್ನಡ ಮಾತ್ರ ಬರುತ್ತೆ ಅನ್ನು” ಎಂದೆ. “ಹೂಂ ಮಾವ. ನಡುವೆ ಒಂದು ಪರಿವರ್ತಕ ಹಾಕಬೇಕು. ಅಗ್ಗದ್ದು ಹಾಕಿದರೆ ಅರ್ಧಕ್ಕೆ ಕೈಕೊಡುತ್ತೆ” ಎಂದ. ಪರೀಕ್ಷೆಯ ಹಿಂದಿನ ದಿನ ಅಗ್ಗದ ಗೈಡು ನಂಬಿದ ವಿದ್ಯಾರ್ಥಿಗಳನ್ನು ಇಪ್ಪತ್ತು ವರ್ಷದಿಂದ ಕಂಡವನು ನಾನು. ಈ ಸಲ ತಿಳಿದೇ ತಲೆಯಾಡಿಸಿದೆ.

ಆ ಪರಿವರ್ತಕದಲ್ಲೂ ಒಂದು ಸೂಕ್ಷ್ಮವಿದೆ. ಲ್ಯಾಪ್‌ಟಾಪು ಗೋಡೆಯ ಪ್ಲಗ್ಗಿನಿಂದ ಕರೆಂಟು ಪಡೆಯುತ್ತಿರುವಾಗ ಅದರ ಅರ್ತಿಂಗಿಗೂ ಕಾರ್ಖಾನೆಯ ಯಂತ್ರದ ಅರ್ತಿಂಗಿಗೂ ವ್ಯತ್ಯಾಸವಿದ್ದರೆ, ಬೇಡದ ಕರೆಂಟು ಆ ಸಣ್ಣ ಕೇಬಲ್ಲಿನ ಮೂಲಕವೇ ಹರಿದು ಕಿಂಡಿಯನ್ನು ಸುಡಬಹುದು. ಆದ್ದರಿಂದ ಎರಡನ್ನೂ ವಿದ್ಯುತ್ತಿನ ಮಟ್ಟಿಗೆ ಬೇರೆಯಾಗಿಡುವ, ಮಾತು ಮಾತ್ರ ದಾಟಿಸುವ ಪರಿವರ್ತಕ ಬೇಕು. ಸಾಧ್ಯವಾದಷ್ಟೂ ಬ್ಯಾಟರಿಯ ಮೇಲೆಯೇ ಕೆಲಸ ಮಾಡಬೇಕು.

ಬ್ಯಾಟರಿಯ ಮಾತು ಬಂದಾಗ ನನಗೊಂದು ವಿಚಿತ್ರ ಹೊಳೆಯಿತು. ಕರೆಂಟಿನ ಕೆಲಸದವನು ಹೋಗುವುದು ಕರೆಂಟು ಇಲ್ಲದ ಜಾಗಕ್ಕೆ! ಕಟ್ಟುತ್ತಿರುವ ಕಟ್ಟಡಕ್ಕೆ ಇನ್ನೂ ಲೈನು ಬಂದಿರುವುದಿಲ್ಲ; ಶಟ್‌ಡೌನ್ ಎಂದರೆ ಪ್ಲಗ್ಗುಗಳೂ ಸತ್ತಿರುತ್ತವೆ. ಊರಿಗೆಲ್ಲ ಬೆಳಕು ಕೊಡುವವನಿಗೆ ತನ್ನ ಕಾಲ ಬುಡದಲ್ಲಿ ಕತ್ತಲೆ. ಅಂಗಡಿಯವರು ಹೇಳುವ ಹತ್ತು ಗಂಟೆ, ಹನ್ನೆರಡು ಗಂಟೆಗಳೆಲ್ಲ ಪರದೆಯನ್ನು ಮಂಕು ಮಾಡಿ ಸುಮ್ಮನೆ ಕೂಡಿಸಿದ ಯಂತ್ರದ ಲೆಕ್ಕ. ಹೆಸರು ನೋಡಿದರೆ ಲ್ಯಾಪ್‌ಟಾಪು. ಮಡಿಲಗಣಕ ಎಂದು ಅನುವಾದಿಸಲು ನನ್ನ ಕೈ ತುರಿಸುತ್ತದೆ. ಆದರೆ ಪ್ಯಾನೆಲಿನ ಮುಂದೆ ನಿಂತೇ ದುಡಿಯುವವನಿಗೆ ಮಡಿಲೆಲ್ಲಿ? ಕೇಬಲ್ ಡ್ರಮ್ಮು, ಬೋರಲು ಹಾಕಿದ ಬಣ್ಣದ ಬಕೆಟ್ಟು, ಅದೂ ಇಲ್ಲದಿದ್ದರೆ ಎಡಗೈಯೇ ಮೇಜು.

ಇಂಥವರಿಗೆಂದೇ ಮಾಡಿದ ಗಟ್ಟಿ ಯಂತ್ರಗಳೂ ಉಂಟು. ಅವುಗಳ ಮೇಲೆ ಐಪಿ65 ಎಂದಿದ್ದರೆ ದೂಳು ಒಳನುಗ್ಗದು, ನೀರು ಚಿಮ್ಮಿದರೂ ಕೆಡದು ಎಂದರ್ಥ. ಬೆಲೆ ಎರಡು ಲಕ್ಷ ದಾಟುತ್ತದೆ. ಅಷ್ಟಿಲ್ಲದವರಿಗೆಂದು ಸಾಮಾನ್ಯ ಯಂತ್ರಗಳ ಮೇಲೂ “ಸೈನ್ಯದ ಪರೀಕ್ಷೆಯಲ್ಲಿ ತೇರ್ಗಡೆ” ಎಂದು ಬರೆದಿರುತ್ತಾರೆ. ಅಮೆರಿಕದ ಸೈನ್ಯದ 810 ಎಂಬ ಆ ಕಟ್ಟಳೆಯಲ್ಲಿ ಪರೀಕ್ಷೆಗಳು ಹಲವು. ಯಾವುದನ್ನು ಬರೆಯಬೇಕೆಂದು ಆರಿಸಿಕೊಳ್ಳುವವರು ತಯಾರಕರೇ. ಅದರಲ್ಲಿ ನಾಲ್ಕು ಅಡಿಯಿಂದ 26 ಸಲ ಬೀಳಿಸುವುದೊಂದು. ಆ ಬೀಳುಗಳನ್ನು ಐದು ಯಂತ್ರಗಳು ಹಂಚಿಕೊಳ್ಳಬಹುದಂತೆ. ಐವರು ಸೇರಿ ಒಂದು ಪ್ರಶ್ನೆಪತ್ರಿಕೆ ಬರೆಯುವ ಈ ಅನುಕೂಲ ನಮ್ಮ ವಿಶ್ವವಿದ್ಯಾನಿಲಯಗಳಿಗೆ ಇನ್ನೂ ತಿಳಿದಿಲ್ಲ.

ಕೊನೆಗೆ ನಾಲ್ಕನೆಯ ಅಂಗಡಿಯಲ್ಲಿ, ಯಾವುದೋ ಕಚೇರಿ ಬಳಸಿ ಬಿಟ್ಟ ದಪ್ಪನೆಯ ಯಂತ್ರವೊಂದು ಸಿಕ್ಕಿತು. ಮುಚ್ಚಳದ ಮೇಲೆ ಗೀರು. ಆದರೆ ನೆಟ್‌ವರ್ಕ್ ಕಿಂಡಿ ಇತ್ತು, ಕೀಲಿಗಳ ಕೆಳಗೆ ದೀಪವಿತ್ತು, ತಿರುಗುವ ಡಿಸ್ಕಿನ ಬದಲು ಬೈಕಿನ ಕುಲುಕಾಟಕ್ಕೆ ಹೆದರದ ಎಸ್‌ಎಸ್‌ಡಿ ಇತ್ತು. ಪರದೆ 400 ನಿಟ್ಸ್. ಕೊಡೆ ಹಿಡಿದರೆ ಸಾಕು. ಹೊಸ ಬ್ಯಾಟರಿ ಹಾಕಿಸಿ, ಪರದೆಯನ್ನು ಪೂರ್ತಿ ಬೆಳಗಿಸಿ, ಅಂಗಡಿಯಲ್ಲೇ ಓಡಲು ಬಿಟ್ಟು ನಾವು ತಿಂಡಿಗೆ ಹೋದೆವು. ಒಂದು ಗಂಟೆ ಕಳೆದು ಬಂದಾಗ ನೂರು ಇದ್ದದ್ದು ಎಂಬತ್ತೇಳಾಗಿತ್ತು. ಅಳಿಯ ಬೆರಳೆಣಿಸಿದ: “ಏಳು ಗಂಟೆ ಬರುತ್ತೆ.” ಮೂವತ್ತೆಂಟು ಸಾವಿರಕ್ಕೆ ವ್ಯವಹಾರ ಮುಗಿಯಿತು. ಉಳಿದದ್ದರಲ್ಲಿ ಒಳ್ಳೆಯ ಪರಿವರ್ತಕ, ಇನ್ನೊಂದು ಚಾರ್ಜರು. ಮಿಕ್ಕ ಹಣ ಅಕ್ಕನ ಮುಂದಿನ ಕಂತುಗಳಿಗೆ.

ದಾರಿಯಲ್ಲಿ ನಾನು ಯೋಚಿಸಿದ್ದು ಇಷ್ಟು. ಅಂಗಡಿಯವರು ಯಂತ್ರದ ಒಳ್ಳೆಯ ಗಳಿಗೆಯನ್ನು ತೋರಿಸುತ್ತಿದ್ದರು: ತಂಪಾದ ಕೋಣೆ, ಶುಭ್ರವಾದ ಮೇಜು, ಕೈಯಳತೆಯಲ್ಲಿ ಪ್ಲಗ್ಗು. ಅಳಿಯ ನೋಡುತ್ತಿದ್ದದ್ದು ತನ್ನ ಕೆಟ್ಟ ಗಳಿಗೆಯನ್ನು: ಐದು ಗಂಟೆ ಕಳೆದಿದೆ, ಪ್ಯಾನೆಲು ಬಿಚ್ಚಿಕೊಂಡಿದೆ, ಕತ್ತಲೆ, ಬೆವರು, ಮ್ಯಾನೇಜರು ಹಿಂದೆ ನಿಂತು ಗಡಿಯಾರ ನೋಡುತ್ತಿದ್ದಾನೆ. ಆ ಗಳಿಗೆಯಲ್ಲಿ ಕೈಬಿಡದ್ದು ಯಾವುದೋ ಅದೇ ಒಳ್ಳೆಯದು. ಆ ಗಳಿಗೆಯನ್ನು ಬಲ್ಲವನು ಕೆಲಸಗಾರನೇ ಹೊರತು ಮಾರುವವನೂ ಅಲ್ಲ, ತಲೆಯಾಡಿಸುವ ನೆಂಟನೂ ಅಲ್ಲ.

ಅಕ್ಕ ಗೀರು ನೋಡಿ, “ಇಷ್ಟು ದುಡ್ಡು ಕೊಟ್ಟು ಹಳೇದು ತಂದಿರೇನೋ!” ಎಂದು ನನ್ನನ್ನೇ ಗದರಿದಳು. ನಾನು ಉತ್ತರ ಹೇಳಲಿಲ್ಲ. ಭಾನುವಾರ ಸಂಜೆ ಏಳರ ಹೊತ್ತಿಗೆ ಅಳಿಯನ ಫೋನು ಬಂತು. “ಮಾವ, ಮೋಟಾರು ತಿರುಗಿತು. ಬ್ಯಾಟರಿ ಇನ್ನೂ ಹದಿನೈದು ಉಳಿದಿದೆ” ಎಂದ. ಅಕ್ಕ ಪಕ್ಕದಲ್ಲೇ ಇದ್ದಳು. ಹದಿನೈದು ಏನು ಎಂದು ಅವಳು ಕೇಳಲಿಲ್ಲ. “ಊಟಕ್ಕೆ ಬರ್ತಾನಂತಾ, ಕೇಳು” ಎಂದಳು.